ನೆಬ್ಯುಲೈಜರ್: ಮಂಜು ಬಂದರೆ ಸಾಲದು, ಎದೆಗೆ ಇಳಿಯಬೇಕು

ಸಿಒಪಿಡಿಯಂಥ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗೆ ಮನೆಯಲ್ಲಿ ಹೆಚ್ಚಾಗಿ ಬಳಸುವುದು ಕಂಪ್ರೆಸರ್ (ಗಾಳಿಯನ್ನು ಒತ್ತಿ ದೂಡುವ ಯಂತ್ರ) ಇರುವ ಜೆಟ್ ನೆಬ್ಯುಲೈಜರ್, ಅಂದರೆ ದ್ರವ ಔಷಧವನ್ನು ಉಸಿರೊಡನೆ ಎಳೆದುಕೊಳ್ಳುವ ಮಂಜಾಗಿಸುವ ಸಾಧನ. ಕಂಪ್ರೆಸರ್‌ನ ಗಾಳಿ ಕಪ್ಪಿನೊಳಗಿನ ಔಷಧವನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. 1ರಿಂದ 5 ಮೈಕ್ರಾನ್‌ನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಹನಿಗಳಷ್ಟೇ ಶ್ವಾಸನಾಳದ ಆಳಕ್ಕೆ ಇಳಿಯುತ್ತವೆ. ದಪ್ಪ ಹನಿಗಳು ಬಾಯಿ, ಗಂಟಲಲ್ಲೇ ನಿಲ್ಲುತ್ತವೆ. ಮಂಜು ದಟ್ಟವಾಗಿ ಕಂಡಿತೆಂದು ನೆಮ್ಮದಿಪಡುವ ಹಾಗಿಲ್ಲ.

ಔಷಧ ತುಂಬುವಾಗ

ಸೋಪು ಹಾಕಿ ಕೈ ತೊಳೆಯಿರಿ. ಯಂತ್ರ ಮೇಜಿನ ಮೇಲಿರಲಿ. ಹಾಸಿಗೆಯ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚಿ ಬಿಸಿಯೇರುತ್ತದೆ. ರೆಸ್ಪ್ಯೂಲ್‌ನ (ಒಂದು ಸಲದ ಔಷಧವಿರುವ ಪುಟ್ಟ ಪ್ಲಾಸ್ಟಿಕ್ ಬುಡ್ಡಿ) ತಲೆ ತಿರುಚಿ ಮುರಿದು, ಔಷಧವನ್ನು ಪೂರ್ತಿ ಕಪ್ಪಿಗೆ ಹಿಂಡಿ. ಕಪ್ಪಿನ ನಡುವಿನ ಪುಟ್ಟ ಪ್ಲಾಸ್ಟಿಕ್ ಟೋಪಿ ಸ್ವಸ್ಥಾನದಲ್ಲಿದೆಯೇ ನೋಡಿ. ತೊಳೆಯುವಾಗ ಅದು ಕಳೆದುಹೋಗುವುದೇ ಹೆಚ್ಚು, ಅದಿಲ್ಲದೆ ಮಂಜು ಬಾರದು.

ಕಪ್ಪಿನಲ್ಲಿ ಸಾಮಾನ್ಯವಾಗಿ ಒಟ್ಟು 3ರಿಂದ 5 ಮಿ.ಲೀ. ದ್ರವ ಇರಬೇಕು, ಏಕೆಂದರೆ ಕೊನೆಗೆ ಸುಮಾರು 1 ಮಿ.ಲೀ. ತಳದಲ್ಲೇ ಉಳಿಯುತ್ತದೆ. ವೈದ್ಯರು ದ್ರವ ಸೇರಿಸಲು ಹೇಳಿದ್ದರೆ ಸ್ಟೆರೈಲ್ ನಾರ್ಮಲ್ ಸಲೈನ್ (ರೋಗಾಣುರಹಿತ ಉಪ್ಪುನೀರಿನ ದ್ರಾವಣ) ಮಾತ್ರ ಬಳಸಿ. ಕುದಿಸಿ ಆರಿಸಿದ ನೀರೂ ಬೇಡ. ಉಪ್ಪಿನಂಶವಿಲ್ಲದ ನೀರು ಶ್ವಾಸನಾಳವನ್ನು ಬಿಗಿಗೊಳಿಸಬಹುದು. ಎರಡು ಔಷಧಗಳನ್ನು ಸ್ವಂತ ಬುದ್ಧಿಯಿಂದ ಬೆರೆಸಬೇಡಿ.

ಉಸಿರಾಟ

ನೆಟ್ಟಗೆ ಕುಳಿತು, ಕಪ್ಪನ್ನು ಓರೆಯಾಗದಂತೆ ಹಿಡಿಯಿರಿ. ಹಿಡಿಯಲು ತ್ರಾಣವಿದ್ದರೆ ಮಾಸ್ಕ್‌ಗಿಂತ ಮೌತ್‌ಪೀಸ್ ವಾಸಿ. ಮಾಸ್ಕ್‌ನಲ್ಲಿ ಔಷಧದ ಒಂದಂಶ ಮೂಗಿನಲ್ಲೇ ನಿಲ್ಲುತ್ತದೆ. ಶ್ವಾಸನಾಳ ಸಡಿಲಿಸುವ ಇಪ್ರಾಟ್ರೋಪಿಯಮ್ ಎಂಬ ಔಷಧ ಮಾಸ್ಕ್‌ನಿಂದ ಸೋರಿ ಕಣ್ಣಿಗೆ ಬಿದ್ದರೆ ದೃಷ್ಟಿ ಮಸುಕಾಗಬಹುದು, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರಿಗೆ ಅಪಾಯ. ಮಾಸ್ಕನ್ನು ಮುಖದಿಂದ ದೂರ ಹಿಡಿದರಂತೂ ಬಹುಪಾಲು ಔಷಧ ಗಾಳಿಪಾಲು.

ಬಾಯಿಂದ ಸಹಜವಾಗಿ ಉಸಿರಾಡಿ, ನಡುನಡುವೆ ಒಮ್ಮೆ ನಿಧಾನವಾಗಿ ಆಳವಾಗಿ ಎಳೆದುಕೊಳ್ಳಿ. ಒಂದೇ ಸಮನೆ ದೀರ್ಘ ಉಸಿರೆಳೆದರೆ ತಲೆಸುತ್ತು ಬಂದೀತು. ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸಿನಲ್ಲಿ ಔಷಧ ಮುಗಿಯುತ್ತ ಬಂದು ಕಪ್ಪು ಪಟಪಟ ಸದ್ದು ಮಾಡುತ್ತದೆ. ಮೆಲ್ಲಗೆ ತಟ್ಟಿ, ಮತ್ತೆ ಸದ್ದು ಬಂದರೆ ನಿಲ್ಲಿಸಿ. ಶ್ವಾಸನಾಳ ಸಡಿಲಿಸುವ ಇನ್ನೊಂದು ಔಷಧ ಸಾಲ್ಬುಟಮಾಲ್‌ನಿಂದ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಸಾಮಾನ್ಯ; ಕಡಿಮೆಯಾಗದಿದ್ದರೆ ವೈದ್ಯರಿಗೆ ತಿಳಿಸಿ. ಬುಡೆಸೊನೈಡ್ (ಸ್ಟೀರಾಯ್ಡ್ ಔಷಧ) ಆದಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಮಾಸ್ಕ್ ಹಾಕಿದ್ದರೆ ಮುಖವನ್ನೂ ತೊಳೆಯಿರಿ. ಇಲ್ಲವಾದರೆ ಬಾಯಿಯಲ್ಲಿ ಬಿಳಿ ಶಿಲೀಂಧ್ರ ಹಬ್ಬಬಹುದು.

ತೊಳೆಯುವುದು, ಅದಕ್ಕಿಂತ ಹೆಚ್ಚಾಗಿ ಒಣಗಿಸುವುದು

ಸೋಂಕು ಹುಟ್ಟುವುದು ಒದ್ದೆ ಕಪ್ಪಿನಲ್ಲಿ. ಪ್ರತಿ ಸಲ ಉಳಿಕೆ ಚೆಲ್ಲಿ, ಕಪ್ಪು ಮತ್ತು ಮೌತ್‌ಪೀಸನ್ನು ಪಾತ್ರೆ ತೊಳೆಯುವ ದ್ರವ ಬೆರೆಸಿದ ಬೆಚ್ಚನೆ ನೀರಿನಲ್ಲಿ ತೊಳೆದು, ಜಾಲಿಸಿ, ನೀರು ಕೊಡವಿ ಶುಭ್ರ ಬಟ್ಟೆಯ ಮೇಲೆ ಹರಡಿ. ಪೂರ್ತಿ ಒಣಗದೆ ಡಬ್ಬಿಗೆ ಹಾಕಬೇಡಿ. ಕುದಿಸಬಹುದೇ ಎಂಬುದು ಕೈಪಿಡಿಯಲ್ಲಿರುತ್ತದೆ. ಎಲ್ಲ ಪ್ಲಾಸ್ಟಿಕ್ ತಡೆಯದು. ಕಂಪ್ರೆಸರ್‌ನಿಂದ ಕಪ್ಪಿಗೆ ಗಾಳಿ ತರುವ ಕೊಳವೆಯೊಳಗೆ ನೀರು ಬಿಡಬೇಡಿ. ತೇವ ಕಂಡರೆ ಕಪ್ಪು ಕಳಚಿ ಒಂದೆರಡು ನಿಮಿಷ ಯಂತ್ರ ಓಡಿಸಿ. ಕಂಪ್ರೆಸರ್‌ನ ಗಾಳಿ ಸೋಸುವ ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿದರೆ ತೊಳೆಯದೆ ಬದಲಿಸಿ. ಮಂಜು ದಿನೇದಿನೇ ತೆಳುವಾಗುತ್ತಿದ್ದರೆ ಮೊದಲು ಹಳೆಯ ಕಪ್ಪನ್ನೇ ಸಂಶಯಿಸಿ, ಆಮೇಲೆ ಕಂಪ್ರೆಸರನ್ನು.

ಹೇಳಿದ್ದಕ್ಕಿಂತ ಬೇಗ ಬೇಗ ಔಷಧ ಬೇಕೆನಿಸಿದರೆ ಅಂದೇ ವೈದ್ಯರನ್ನು ಕಾಣಿ. ಔಷಧ ತೆಗೆದುಕೊಂಡ ಮೇಲೂ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಅಥವಾ ಮಂಪರು, ಗೊಂದಲ ಕಂಡರೆ ಇನ್ನೊಂದು ರೆಸ್ಪ್ಯೂಲ್ ಹಾಕುತ್ತ ಕೂರದೆ ಆಂಬುಲೆನ್ಸ್ ಕರೆಸಿ.