ದಿನಬಳಕೆಯ ಇಂಗ್ಲಿಷ್ ಪದಗಳನ್ನು ನಾನು ರೂಢಿಸಿಕೊಂಡ ಬಗೆ

ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ಪದಸಂಪತ್ತು ನನ್ನಲ್ಲಿತ್ತು. ಆದರೆ ಬಟ್ಟೆ ಹಿಂಡುವುದು, ನಲ್ಲಿ ಸೋರುವುದು, ಅಂಗಿಯ ಗುಂಡಿ ಕಿತ್ತುಬರುವುದು ಮೊದಲಾದವನ್ನು ಹೇಳಬೇಕಾದಾಗ ಮಾತು ತಡವರಿಸುತ್ತಿತ್ತು. ಪಠ್ಯಪುಸ್ತಕಗಳ ಮೂಲಕ ಇಂಗ್ಲಿಷ್ ಕಲಿತ ಬಹಳ ಮಂದಿಗೆ ‘ಡೆವಲಪ್‌ಮೆಂಟ್’ ಗೊತ್ತಿದ್ದು, ನೀರಿನಲ್ಲಿ ಜಾಲಿಸುವುದಕ್ಕೆ ಹೇಳುವ ‘ರಿನ್ಸ್’ ಗೊತ್ತಿರುವುದಿಲ್ಲ. ಆದ್ದರಿಂದ ನಾನು ಹೊಸ ಪದಗಳಿಗಾಗಿ ನಿಘಂಟಿನ ಪುಟ ತಿರುವಲಿಲ್ಲ. ದಿನವಿಡೀ ಮಾಡುವ ಕೆಲಸಗಳಲ್ಲಿ ಯಾವುದನ್ನು ಇಂಗ್ಲಿಷಿನಲ್ಲಿ ಹೇಳಲಾರೆನೋ ಆ ವಾಕ್ಯವನ್ನು ಕನ್ನಡದಲ್ಲೇ ಒಂದು ಕಿರುಪುಸ್ತಕದಲ್ಲಿ ಬರೆದಿಟ್ಟುಕೊಂಡು, ಬಿಡುವಾದಾಗ ಅದಕ್ಕೆ ಇಂಗ್ಲಿಷ್ ರೂಪವನ್ನು ಹುಡುಕುತ್ತಿದ್ದೆ. ಕ್ರಿಯಾಪದಗಳಿಗೆ ಮೊದಲ ಸ್ಥಾನ ಕೊಟ್ಟೆ. ವಸ್ತುವಿನ ಹೆಸರು ತಿಳಿಯದಿದ್ದರೆ ಬೆರಳು ತೋರಿಸಿಯಾದರೂ ಕೆಲಸ ಸಾಗಿಸಬಹುದು, ಕ್ರಿಯಾಪದವಿಲ್ಲದಿದ್ದರೆ ವಾಕ್ಯವೇ ಏಳುವುದಿಲ್ಲ.

ಯಾವ ಪದಗಳು ನಿಜವಾಗಿಯೂ ಬೇಕು ಎಂಬುದನ್ನು ಅಳೆಯಲು, ಇಂಗ್ಲಿಷ್ ಬೋಧನಾ ತಜ್ಞ ಮೈಕೆಲ್ ವೆಸ್ಟ್ ಅವರು 1953ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ ಸುಮಾರು 2,000 ಪದಗಳ ಪಟ್ಟಿ ನೆರವಾಯಿತು. ಸಾಮಾನ್ಯ ಬರಹದಲ್ಲಿ ಬರುವ ಪದಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಈ ಪಟ್ಟಿಯೊಳಗಿನವೇ. ಅದನ್ನು ಓದುತ್ತ ಹೋದಂತೆ ಬಹುತೇಕ ಪದಗಳು ಪರಿಚಿತವೆಂದು ಕಂಡರೂ, ‘ಗೆಟ್’, ‘ಪುಟ್’, ‘ಟೇಕ್’, ‘ರನ್’ ಮುಂತಾದವುಗಳ ಒಂದೆರಡು ಅರ್ಥಗಳಷ್ಟೇ ನನಗೆ ಒಗ್ಗಿದ್ದವು. ದಿನಬಳಕೆಯ ಇಂಗ್ಲಿಷಿನ ಜೀವಾಳ ಈ ಸಣ್ಣ ಪದಗಳ ಜೋಡಣೆಯಲ್ಲೇ ಇದೆ. ಮನೆಯಲ್ಲಿ ಸಕ್ಕರೆ ಮುಗಿದುಹೋದರೆ ‘ರನ್ ಔಟ್ ಆಫ್’, ಕೆಲಸವನ್ನು ಮುಂದಕ್ಕೆ ಹಾಕಿದರೆ ‘ಪುಟ್ ಆಫ್’. ‘ಪೋಸ್ಟ್‌ಪೋನ್’ ಎಂದರೂ ತಪ್ಪಿಲ್ಲ, ಆದರೆ ಮನೆಮಾತಿನಲ್ಲಿ ಅದು ಸುತ್ತೋಲೆಯ ಭಾಷೆಯಂತೆ ಕೇಳಿಸುತ್ತದೆ. ಇಂಥ ಜೋಡಿಗಳನ್ನು ಬಿಡಿಯಾಗಿ ಉರುಹೊಡೆದರೆ ಪ್ರಯೋಜನ ಕಡಿಮೆ, ಏಕೆಂದರೆ ‘ಪುಟ್ ಇಟ್ ಆಫ್’ ಎಂದು ಸರ್ವನಾಮವನ್ನು ನಡುವೆ ಇಡಬೇಕಾಗುತ್ತದೆ. ‘ಪುಟ್ ಆಫ್ ಇಟ್’ ಸಲ್ಲದು. ‘ರನ್ ಔಟ್ ಆಫ್ ಇಟ್’ ಎಂಬಲ್ಲಿ ಮಾತ್ರ ಅದು ಕೊನೆಗೇ ಬರುತ್ತದೆ. ‘ಮೇಕ್ ಎ ಡಿಸಿಷನ್’, ‘ಡೂ ದ ಡಿಶಸ್’ ಎಂಬಲ್ಲಿ ‘ಮೇಕ್’ ಎಲ್ಲಿ, ‘ಡೂ’ ಎಲ್ಲಿ ಎಂಬುದಕ್ಕೂ ನಂಬಬಹುದಾದ ಸೂತ್ರವಿಲ್ಲ. ಹೀಗಾಗಿ ನಾನು ಒಂಟಿ ಪದವನ್ನು ಎಂದೂ ಬರೆದುಕೊಳ್ಳದೆ, ನಾನೇ ಆಡಬಹುದಾದ ಪೂರ್ಣ ವಾಕ್ಯವನ್ನೇ ಬರೆದುಕೊಂಡೆ.

ಆ ವಾಕ್ಯಗಳನ್ನು ನೆನಪಿನಲ್ಲಿಡಲು, ಜರ್ಮನ್ ಭಾಷೆಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ, ಹಲವು ಖಾನೆಗಳ ಪೆಟ್ಟಿಗೆಯಲ್ಲಿ ಕಾರ್ಡುಗಳನ್ನಿಟ್ಟು ಕಲಿಯುವ ಕ್ರಮವನ್ನು ಅನುಸರಿಸಿದೆ. ಕಾರ್ಡಿನ ಒಂದು ಬದಿಯಲ್ಲಿ ಕನ್ನಡದಲ್ಲಿ ಸಂದರ್ಭ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ವಾಕ್ಯ. ತಿರುಗಿಸುವ ಮುನ್ನ ಗಟ್ಟಿಯಾಗಿ ಹೇಳಲೇಬೇಕು. ಸರಿಯಾದರೆ ಕಾರ್ಡು ಮುಂದಿನ ಖಾನೆಗೆ ಹೋಗಿ ಹೆಚ್ಚು ದಿನಗಳ ಅಂತರದಲ್ಲಿ ಮರಳುತ್ತದೆ, ತಪ್ಪಿದರೆ ಮೊದಲ ಖಾನೆಗೆ ಹಿಂತಿರುಗುತ್ತದೆ. ಮೊಬೈಲ್ ಆ್ಯಪ್‌ಗಳು ಇದೇ ಕೆಲಸವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುತ್ತವೆಯಾದರೂ, ಬೇರೆಯವರು ಸಿದ್ಧಪಡಿಸಿದ ಕಾರ್ಡುಗಳು ನನಗೆ ಅಷ್ಟಾಗಿ ಹತ್ತಲಿಲ್ಲ. ‘ಬಾರೋ’ (ಎರವಲು ಪಡೆಯುವುದು) ಮತ್ತು ‘ಲೆಂಡ್’ (ಎರವಲು ಕೊಡುವುದು) ಎಂಬಂಥ ಜೋಡಿಗಳನ್ನು ಒಂದೇ ದಿನ ಕಲಿಯದಿರುವುದು ಲೇಸು; ಒಂದು ಗಟ್ಟಿಯಾಗುವ ಮುನ್ನ ಇನ್ನೊಂದು ಬಂದರೆ ಎರಡೂ ಕಲಸಿಹೋಗುತ್ತವೆ.

ಉಚ್ಚಾರಣೆಗೆ ಕಾಗುಣಿತವನ್ನು ನಂಬದೆ, ಕಲಿಯುವವರಿಗಾಗಿ ರೂಪಿಸಿದ ನಿಘಂಟುಗಳ ಧ್ವನಿಯನ್ನು ಕೇಳಿಕೊಂಡೆ. ‘ರೆಕಾರ್ಡ್’ ನಾಮಪದವಾದಾಗ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ.

ಮತ್ತೆ ಮತ್ತೆ ತಪ್ಪುವ ಕಾರ್ಡನ್ನು ಇನ್ನಷ್ಟು ತಿಕ್ಕುವ ಬದಲು ಅದರ ವಾಕ್ಯವನ್ನು ಬದಲಿಸಿ ನೋಡುತ್ತೇನೆ. ಆಗಲೂ ನಿಲ್ಲದಿದ್ದರೆ, ಆ ಪದ ಓದಿನಲ್ಲೋ ಮಾತಿನಲ್ಲೋ ತಾನಾಗಿ ಎದುರಾಗುವವರೆಗೆ ಪೆಟ್ಟಿಗೆಯಿಂದ ತೆಗೆದಿಡುತ್ತೇನೆ.