ಅಕ್ಕ ಹೇಳಿದ್ದೇ ಇವತ್ತಿನ ಸಾರು: ಹೋಟೆಲ್ ಹಿಂದಿನ 18 ಗುಂಟೆ ಕಥೆ

ಹಾಸನ–ಬೇಲೂರು ರೋಡಲ್ಲಿ ನಮ್ದೊಂದು ಮುದ್ದೆ ಊಟದ ಹೋಟೆಲು. ಹಿಂದ್ಗಡೆ ಇರೋ 18 ಗುಂಟೇಲಿ ಸೊಪ್ಪು ತರಕಾರಿ ನಾವೇ ಬೆಳ್ಕೊಳ್ಳೋಣ ಅಂದಾಗ ನಮ್ ಭಾವನಿಂದ ಹಿಡಿದು ಮಂಡಿಯವ್ರ ತನಕ ಎಲ್ರೂ "ಸಂತೇಲಿ ಹತ್ತು ರೂಪಾಯಿಗೆ ಕಟ್ಟು ಸಿಗುತ್ತೆ, ನಿಂಗ್ಯಾಕೆ ಈ ರಗಳೆ" ಅಂದಿದ್ರು. ಇದು ಮೂರನೇ ವರ್ಷ, ಈಗ ಅವ್ರೇ ನೆಂಟ್ರನ್ನ ಕರ್ಕೊಂಬಂದು ತೋಟ ತೋರಿಸ್ತಾರೆ.

ಮೊದಲ ವರ್ಷ ಮೆನು ನೋಡ್ಕೊಂಡು ತೋಟ ಮಾಡೋಕೆ ಹೋದೆ, ವರ್ಷಪೂರ್ತಿ ಟೊಮ್ಯಾಟೊ ಬೀನ್ಸ್ ಕೊತ್ತಂಬರಿ ಬೇಕೇ ಬೇಕು ಅಂತ. ಮಳೆ ಹಿಡೀತು, ಕೊತ್ತಂಬರಿ ಮಡೀಲೇ ಕೊಳೀತು. ಟೊಮ್ಯಾಟೊ ಹತ್ರ ಹತ್ರ 600 ಸಸಿ, ಬೆಳಗ್ಗೆ ಹಚ್ಚಗಿದ್ದ ಗಿಡ ಮಧ್ಯಾಹ್ನಕ್ಕೆ ಜೋತು ಬೀಳೋದು, ನಾನು ನೀರು ಸಾಲ್ತಿಲ್ಲ ಅಂತ ಇನ್ನೂ ನೀರು ಬಿಟ್ಟೆ. ತೋಟ ನೋಡ್ಕೊಳ್ಳೋ ಅಕ್ಕ ಒಂದು ಕಾಂಡ ಕುಯ್ದು ಗಾಜಿನ ಲೋಟದ ನೀರಲ್ಲಿ ಹಿಡಿದ್ರು. ಸ್ವಲ್ಪ ಹೊತ್ತಿಗೆ ಕುಯ್ದ ಬಾಯಿಂದ ಹಾಲಿನ ಎಳೆ ತರ ಬೆಳ್ಳಗೆ ಇಳೀತು. ಸೊರಗು ರೋಗ! ಅಪ್ಪನ ಕಾಲದಿಂದ ಆಲೂಗಡ್ಡೆ ಹಾಕಿದ್ದ ನೆಲ, ಆ ರೋಗ ಎರಡಕ್ಕೂ ಬರುತ್ತೆ, ಮಣ್ಣಲ್ಲೇ ಕೂತಿರುತ್ತೆ. ಎಲ್ಲಾ ಸೇರಿ ಒಂದು ಎಪ್ಪತ್ತು ಸಾವಿರ ಹೋಯ್ತು ಆ ವರ್ಷ.

"ಅಣ್ಣ, ನೀವು ಅಡುಗೆ ಮೊದ್ಲು ಬರ್ದು ಆಮೇಲೆ ನನ್ ಕೇಳ್ತೀರ. ನನ್ ಕೇಳಿ ಆಮೇಲೆ ಬರೀರಿ" ಅಂದ್ರು ಅಕ್ಕ. ಅಷ್ಟೇ ಕಣ್ರೀ ನಮ್ ವಿಧಾನ. ಸಂಜೆ ಅಕ್ಕ, ಅವ್ರ ಯಜಮಾನ್ರು ಮಡಿ ಸುತ್ತಿ ನಾಳೆ ಏನು ಕೀಳ್ಬೋದು ಅಂತಾರೆ, ಅದು ಬೋರ್ಡಿಗೆ ಹತ್ತುತ್ತೆ. ದಂಟಾದ್ರೆ ಬಸ್ಸಾರು, ಮಳೇಲಿ ಕೆಸ ಬಂದ್ರೆ ಪತ್ರೊಡೆ, ಏನೂ ಇಲ್ದಿದ್ರೆ ಉಪ್ಸಾರು. ಅಡುಗೆ ಭಟ್ರು ಒಂದು ತಿಂಗಳು ಮುಖ ಗಂಟಿಕ್ಕೊಂಡಿದ್ರು, ಈಗ ಬೆಳಗ್ಗೆ ಐದೂವರೆಗೆ ಅವ್ರೇ ಪುಟ್ಟಿ ಹಿಡ್ಕೊಂಡು ಮಡಿ ಹತ್ರ ನಿಂತಿರ್ತಾರೆ. ಸೊಪ್ಪನ್ನ ಹತ್ತು ದಿನಕ್ಕೊಂದು ಮಡಿ ಬಿತ್ತೋದು, ಒಟ್ಟಿಗೆ ಬಿತ್ತಿದ್ರೆ ಒಂದು ವಾರ ಹಬ್ಬ ಮೂರು ವಾರ ಉಪವಾಸ. ಟೊಮ್ಯಾಟೊಗೆ ಜಾಗ ಬದಲಾಯಿಸಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವ್ರ ಅರ್ಕಾ ರಕ್ಷಕ್ ಅನ್ನೋ ಸೊರಗು ರೋಗ ತಡ್ಕೊಳ್ಳೋ ತಳಿ ಹಾಕಿದೀವಿ, ಗಿಡ ನಿಂತಿದೆ. ಜುಲೈ ಮಳೇಲೂ ನಮ್ಮಲ್ಲಿ ಕೊತ್ತಂಬರಿ ಹೇಗೆ ನಿಲ್ಲುತ್ತೆ ಅನ್ನೋದು ಅಕ್ಕನ ಕೈಚಳಕ, ಅದನ್ನ ನಾನು ಇಲ್ಲಿ ಹೇಳಲ್ಲ, ಬಂದು ಅವ್ರನ್ನೇ ಕೇಳಿ.

ಮಧ್ಯೆ ಗೊಬ್ಬರದ ಪ್ರಯೋಗಾನೂ ಆಯ್ತು. ಮಿಕ್ಕಿದ ಅನ್ನ ಸಾರು ಗುಂಡಿಗೆ ಹಾಕ್ದೆ, ನಾತ, ಇಲಿ, ಎಣ್ಣೆ ಜಿಡ್ಡು. ಈಗ ಹಸಿ ಸಿಪ್ಪೆ, ಕಾಫಿ ಚರಟ, ಸಗಣಿ ಮಾತ್ರ. ಕಾಫಿ ಸಿಪ್ಪೇನೂ ಸಕಲೇಶಪುರ ಕಡೆಯಿಂದ ಒಂದು ಲೋಡ್ ತರ್ಸಿದ್ದೆ, ಅದು ಕೊಳೆತು ಬಿಸಿ ಆರೋ ಮೊದ್ಲೇ ಹಾಕಿ ಒಂದು ಮಡಿ ಮೂಲಂಗಿ ಸುಟ್ಟೆ.

ದುಡ್ಡಿನ ಲೆಕ್ಕ ಅಂದಾಜು: ಮುಂಚೆ ತರಕಾರಿಗೆ ತಿಂಗಳಿಗೆ 45 ಸಾವಿರ ಹೋಗ್ತಿತ್ತು, ಈಗ ಈರುಳ್ಳಿ ಗಿರುಳ್ಳಿ ಸೇರಿ 18. ಗಂಡ ಹೆಂಡ್ತಿಗೆ ಸಂಬಳ 24, ಬೀಜ ಗೊಬ್ಬರ 3. ಅಲ್ಲಿಗೆ ಸರಿಸಮ. ಲಾಭ ಬಂದಿದ್ದು ಎಲೆ ಲೆಕ್ಕದಲ್ಲಿ, ದಿನಕ್ಕೆ 140 ಊಟ ಹೋಗ್ತಿದ್ದಿದ್ದು ಈಗ 200ರ ಹತ್ರ. ಬೇಲೂರು ಹಳೇಬೀಡು ನೋಡೋಕೆ ಹೋಗೋ ಜನ ನಿಲ್ತಾರೆ, ಊಟಕ್ಕೆ ಮುಂಚೆ ಹತ್ತು ನಿಮಿಷ ತೋಟಕ್ಕೆ ಕಳಿಸ್ತೀನಿ. ನಾನು ಜೊತೆಗೆ ಹೋಗಲ್ಲ, ಮಾತು ಅಕ್ಕಂದೇ. ಮೊನ್ನೆ ಒಬ್ರು ವಯಸ್ಸಾದ ಅಮ್ಮ ಊಟ ಮುಗ್ಸಿ ಕೈ ತೊಳ್ದು ಬಿಲ್ಲಿನ ಕಡೆ ಬರ್ದೆ ಸೀದಾ ಮಡಿ ಹತ್ರ ಹೋಗಿ ಅಕ್ಕನ ಮಣ್ಣಿನ ಕೈ ಹಿಡ್ಕೊಂಡು ನಿಂತ್ಬಿಟ್ರು. ಅಕ್ಕ ಸೆರಗಲ್ಲಿ ಒಂದು ಹಿಡಿ ದಂಟಿನ ಬೀಜ ಕಟ್ಕೊಟ್ರು.

ಈಗ ಬೇಲಿ ಪಕ್ಕ ಅವರೆ ಹೂವಾಗಿದೆ. ಹಿತಕಿದವರೆ ಸಾರು ಯಾವತ್ತು ಅಂತ ಭಟ್ರು ದಿನಾ ಕೇಳ್ತಾರೆ, ಅಕ್ಕ ಇನ್ನೂ ಹೇಳಿಲ್ಲ.