ಎಂಟು ಸೋಲಿಗೆ ಜಾಗವಿಟ್ಟು ರೆಲಿಗೇಶನ್ ತಪ್ಪಿಸಿಕೊಂಡ ಬಗೆ: ನನ್ನ ಅನುಭವ

ನಮ್ಮ ಫುಟ್‌ಬಾಲ್ ಲೀಗ್‌ನ ಅರ್ಧ ಸೀಸನ್ ಮುಗಿದಾಗ 19 ಪಂದ್ಯ, 13 ಪಾಯಿಂಟ್ (ಗೆಲುವಿಗೆ ಮೂರು, ಡ್ರಾಗೆ ಒಂದು). 20 ತಂಡಗಳ ಪಟ್ಟಿಯಲ್ಲಿ 19ನೇ ಜಾಗ. ಕೊನೆಯ ಮೂರು ತಂಡ ಕೆಳಗಿನ ಡಿವಿಷನ್‌ಗೆ, ಅದೇ ರೆಲಿಗೇಶನ್. ಕೋಚಿಂಗ್ ಬಳಗದಲ್ಲಿದ್ದ ನಾವು ಮೊದಲು ಮಾಡಿದ್ದು ಲೆಕ್ಕ.

40 ಪಾಯಿಂಟ್ ಬಂದರೆ ಬಚಾವ್ ಅನ್ನುವ ಮಾತಿದೆಯಲ್ಲ, ಅದನ್ನು ಅಷ್ಟಾಗಿ ನಂಬಬೇಡಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 2002-03ರಲ್ಲಿ ವೆಸ್ಟ್ ಹ್ಯಾಮ್ 42 ಪಾಯಿಂಟ್ ಗಳಿಸಿಯೂ ಕೆಳಗೆ ಹೋಯಿತು. 2004-05ರಲ್ಲಿ ವೆಸ್ಟ್ ಬ್ರಾಮ್ 34 ಪಾಯಿಂಟ್‌ಗೇ ಬಚಾವಾಯಿತು, 2023-24ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 32 ಸಾಕಾಯಿತು. ನಾವು ಗುರಿ 36 ಅಂತಿಟ್ಟುಕೊಂಡೆವು. ಅಂದರೆ ಇನ್ನೂ 23 ಬೇಕು: ಆರು ಗೆಲುವು, ಐದು ಡ್ರಾ, ಎಂಟು ಸೋಲು. ಆ ಎಂಟು ಸೋಲನ್ನೂ ಡ್ರೆಸಿಂಗ್ ರೂಮಿನ ಬೋರ್ಡ್ ಮೇಲೆ ಬರೆದೆವು. ಒಂದು ಪಂದ್ಯ ಸೋತರೆ ಎಲ್ಲ ಮುಗಿದಂತೆ ಕೂರುವ ತಂಡಕ್ಕೆ ಇದರಿಂದ ಉಸಿರಾಡಲು ಜಾಗ ಸಿಗುತ್ತದೆ.

ಡ್ರಾ ನೆಚ್ಚಿಕೊಂಡರೆ ಕೆಟ್ಟಿರಿ. ಮೂರು ಡ್ರಾ ಮಾಡಿದರೂ ಒಂದೇ, ಒಂದು ಗೆದ್ದು ಎರಡು ಸೋತರೂ ಒಂದೇ. ಹಾಗಾಗಿ ಪಟ್ಟಿಯ ಅಗ್ರ ತಂಡಗಳ ಮೈದಾನಕ್ಕೆ ಹೋದಾಗ ದಣಿದವರನ್ನು ಹೊರಗೆ ಕೂರಿಸಿ, ಅಕ್ಕಪಕ್ಕದ ಸ್ಥಾನದಲ್ಲಿರುವವರ ವಿರುದ್ಧ ಪೂರ್ತಿ ಬಲ ಇಳಿಸಿದೆವು. ಹಳದಿ ಕಾರ್ಡ್ ಲೆಕ್ಕವನ್ನೂ ಇದರ ಜೊತೆಗೇ ಇಡಬೇಕು. ಕಾರ್ಡ್‌ಗಳು ಕೂಡಿ ನಿಷೇಧದ ಅಂಚಿನಲ್ಲಿರುವ ಮಿಡ್‌ಫೀಲ್ಡರ್ ಗೆಲ್ಲಲೇಬೇಕಾದ ಪಂದ್ಯಕ್ಕೇ ತಪ್ಪಿಹೋಗುವುದು ಶುದ್ಧ ಬೇಜವಾಬ್ದಾರಿ.

ಆಟದ ರಚನೆ 4-4-2: ಹಿಂದೆ ನಾಲ್ವರು, ಮಧ್ಯೆ ನಾಲ್ವರು, ಮುಂದೆ ಇಬ್ಬರು. ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ನಡುವೆ 25ರಿಂದ 30 ಮೀಟರ್, ಅದಕ್ಕಿಂತ ಹೆಚ್ಚಿಲ್ಲ. ಕೆಡುವುದು ಒಂದು ಗೋಲು ಮುಂದಿದ್ದಾಗ. ಬೆನ್ನ ಹಿಂದೆ ಚೆಂಡು ಬಿದ್ದೀತೆಂಬ ಭಯಕ್ಕೆ ಸೆಂಟರ್ ಬ್ಯಾಕ್‌ಗಳು (ಹಿಂದಿನ ಸಾಲಿನ ನಡುವಿನವರು) ತಮಗೇ ತಿಳಿಯದಂತೆ ಐದಾರು ಮೀಟರ್ ಹಿಂದೆ ಸರಿಯುತ್ತಾರೆ, ಮಿಡ್‌ಫೀಲ್ಡ್ ಇದ್ದಲ್ಲೇ ಇರುತ್ತದೆ, ಆ ಸಂದಿಯಲ್ಲಿ ಎದುರಾಳಿ ತಿರುಗಿ ನಿಲ್ಲುತ್ತಾನೆ. 'ಮೇಲೆ ಬನ್ನಿ' ಅಂತ ಬೆಂಚಿನಿಂದ ಕೂಗಿದರೆ ಯಾರ ಕಿವಿಗೂ ಬೀಳದು. ನಮ್ಮದು ಎರಡೇ ಸೂಚನೆ: ಎದುರಾಳಿ ಚೆಂಡನ್ನು ಹಿಂದಕ್ಕೆ ಪಾಸ್ ಮಾಡಿದರೆ ಇಡೀ ಸಾಲು ನಾಲ್ಕು ಹೆಜ್ಜೆ ಮುಂದೆ, ಚೆಂಡಿರುವವನ ಮೇಲೆ ಒತ್ತಡವೇ ಇಲ್ಲದಿದ್ದರೆ ಹಿಂದೆ.

ಹೆಚ್ಚು ಸಮಯ ಕೊಟ್ಟಿದ್ದು ಕಾರ್ನರ್‌ಗೆ, ಅಂದರೆ ಎದುರಾಳಿ ಮೈದಾನದ ಮೂಲೆಯಿಂದ ಹೊಡೆಯುವ ಕಿಕ್ ತಡೆಯುವುದಕ್ಕೆ. ಕೀಪರ್ ಬಿಟ್ಟು ಹತ್ತು ಮಂದಿ: ಗೋಲಿನಿಂದ ಐದೂವರೆ ಮೀಟರ್ ದೂರದ ಚಿಕ್ಕ ಪೆಟ್ಟಿಗೆಯ ಗೆರೆ ಮೇಲೆ ಐವರು, ಹತ್ತಿರದ ಕಂಬಕ್ಕೆ ಒಬ್ಬ, ಓಡಿಬಂದು ತಲೆ ಕೊಡುವವರನ್ನು ತಡೆಯಲು ಮೂವರು, ಪೆನಾಲ್ಟಿ ಪೆಟ್ಟಿಗೆಯ ಅಂಚಿನಲ್ಲಿ ಒಬ್ಬ. ಮೊದಲ ಕ್ರಾಸ್‌ಗೆ ನಾವು ಗೋಲು ತಿಂದದ್ದು ಕಡಿಮೆ. ತಿಂದದ್ದು ಎರಡನೆಯದಕ್ಕೆ. ತಲೆಯಿಂದ ಹೊಡೆದಟ್ಟಿದ ಚೆಂಡು ಮತ್ತೆ ಕಾರ್ನರ್ ಹೊಡೆದವನ ಕಾಲಿಗೇ ಹೋಗುತ್ತದೆ. ಅಷ್ಟರಲ್ಲಿ ಎಂಟು ಜನ ಹೊರಗೋಡಿರುತ್ತಾರೆ, ಕಂಬದ ಹತ್ತಿರದವನು ಅಲ್ಲೇ ನಿಂತು ಎದುರಾಳಿಗಳನ್ನೆಲ್ಲ ಆನ್‌ಸೈಡ್ ಮಾಡಿರುತ್ತಾನೆ, ಅಂದರೆ ಅವರಿಗೆ ಆಫ್‌ಸೈಡ್ ತಪ್ಪು ಬೀಳದಂತೆ. ಪರಿಹಾರ ಸರಳ. ಆ ಬದಿಯ ತಡೆಗಾರ ನೇರ ಕಾರ್ನರ್ ಹೊಡೆದವನ ಮೇಲೆ ನುಗ್ಗಬೇಕು, ಕೀಪರ್ ಕೂಗಿದ ಕೂಡಲೇ ಕಂಬದವನೂ ಓಡಬೇಕು. ಪಂದ್ಯಕ್ಕೆ ಎರಡು ದಿನ ಮುಂಚೆ 20 ನಿಮಿಷ ಬರೀ ಇದೇ, ಪ್ರತಿ ಬಾರಿಯೂ ಎರಡನೇ ಚೆಂಡು ಸತ್ತ ಮೇಲೇ ಸೀಟಿ.

ವಿಡಿಯೋ 12 ನಿಮಿಷ ಮೀರಿಸಲಿಲ್ಲ. ಸೋಲುತ್ತಿರುವ ತಂಡಕ್ಕೆ ತನ್ನ ತಪ್ಪುಗಳನ್ನು ಒಂದು ಗಂಟೆ ತೋರಿಸುವುದು ಹಿಂಸೆ.

0-3 ಹಿಂದಿದ್ದಾಗ ಮಾನ ಉಳಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಎಲ್ಲರೂ ಮುಂದೆ ಓಡುವುದನ್ನು ನಿಲ್ಲಿಸಿದೆವು. ಪಾಯಿಂಟ್ ಸಮವಾದರೆ ನೋಡುವುದು ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲಿನಿಂದ ತಿಂದ ಗೋಲು ಕಳೆದರೆ ಉಳಿಯುವುದು. 0-3 ಅಲ್ಲಿಗೇ ನಿಂತರೆ ಎಷ್ಟೋ ಮೇಲು.

ಕೊನೆಯ ಸುತ್ತಿನ ಪಂದ್ಯಗಳೆಲ್ಲ ಒಂದೇ ಹೊತ್ತಿಗೆ ಶುರು. ಬೇರೆ ಮೈದಾನಗಳ ಸ್ಕೋರ್ ಬೆಂಚಿನಲ್ಲಿ ಒಬ್ಬರಿಗೆ ಮಾತ್ರ ತಿಳಿದಿರಲಿ. ಬದಲಿ ಆಟಗಾರನನ್ನು ಇಳಿಸುವ ತೀರ್ಮಾನಕ್ಕೆ ಅದು ಬೇಕಾದರೆ ಅವರನ್ನು ಕೇಳಿದರಾಯಿತು. ನಮಗೆ ಸಿಕ್ಕಿದ್ದು 35, ಸ್ಥಾನ 17. ಎರಡನೇ ಅರ್ಧದಲ್ಲಿ ಗೆದ್ದದ್ದು ಏಳು, ಡ್ರಾ ಒಂದೇ, ಸೋತದ್ದು ಹನ್ನೊಂದು.